ಟೈಪಕ್ಕನ ವೋಟು

ಫೆಬ್ರವರಿ 9

ತಮ್ಮಾ,

ಸಮಸ್ತ ನಾಗರಿಕರಿಗೂ, ಬಂಧುಬಳಗಕ್ಕೂ, ವಿಶೇಷವಾಗಿ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಾನು ನನ್ನ ಬಲಗೈ ಹೆಬ್ಬೆರಳಿನ ಉಗುರನ್ನು ಕತ್ತರಿಸಿದ್ದೇನೆ. ನೋಟರಿಯವರ ಕಚೇರಿಯಲ್ಲಿ ಟೈಪಿಸ್ಟಾಗಿದ್ದ ಕಾಲದಿಂದ, ಅಚ್ಚಿನ ಅಕ್ಷರಗಳ ಹೊಟ್ಟೆಯಲ್ಲಿ ಕೂತ ಮಸಿ ಕೆರೆಯುವ ಘನಕಾರ್ಯಕ್ಕೆಂದು ಬೆಳೆಸಿ, ನೆಂಟರಿಷ್ಟರ ಟೀಕೆಗೆ ಎದೆಯೊಡ್ಡಿ ಕಾಪಾಡಿಕೊಂಡು ಬಂದಿದ್ದ ಆ ಉಗುರು ನಿನ್ನೆ ಸಂಜೆ ಕೆಳಮನೆಯ ಔಷಧದಂಗಡಿಯಾಕೆಯ ಕತ್ತರಿಗೆ ಬಲಿಯಾಯಿತು. ಶೋಕಾಚರಣೆ ಏರ್ಪಡಿಸಿಲ್ಲ. ಹೂವು ಕಳಿಸಬೇಡ.

ಕಾರಣ ಹೇಳುತ್ತೇನೆ. ಈ ಸಲದ ಪುರಸಭೆ ಚುನಾವಣೆಯಲ್ಲಿ ಕಣ್ಣು ಕಾಣದವರಿಗೆ ಕಿಟಕಿ ರಟ್ಟು ಎಂಬುದೊಂದನ್ನು ಕೊಡುತ್ತಾರಂತೆ. ಮತಪತ್ರವನ್ನು ಅದರ ಕೆಳಗೆ ತೂರಿಸಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪುಟ್ಟ ಕಿಟಕಿ, ಪಕ್ಕದಲ್ಲಿ ಉಬ್ಬಿದ ಅಂಕಿ. ಹೆಬ್ಬೆರಳಿನಿಂದ ಸವರಿ, ಬೇಕಾದ ಕಿಟಕಿಯೊಳಗೆ ಠಸ್ಸೆ ಒತ್ತಿ, ಮಡಚಿ ಪೆಟ್ಟಿಗೆಗೆ ಹಾಕಿ ಬರುವುದು. ಉಗುರಿದ್ದರೆ ಅಂಕಿ ತಿಳಿಯುವುದಿಲ್ಲ. ಉಗುರೋ ವೋಟೋ ಎಂದು ಒಂದು ರಾತ್ರಿ ಯೋಚಿಸಿದೆ.

ಅಂದಮೇಲೆ ಈ ಸಲ ನೀನು ಬೂತಿನೊಳಗೆ ಬರಬೇಕಾಗಿಲ್ಲ. ನನ್ನ ಕಣ್ಣು ಹೋದಮೇಲೆ ಕಳೆದ ಚುನಾವಣೆಯಲ್ಲಿ ನೀನೇ ಕೈಹಿಡಿದು ಕರೆದುಕೊಂಡು ಹೋದೆ. ನಾನು ಕಿವಿಯಲ್ಲಿ ಹೇಳಿದೆ, ನೀನು ಒತ್ತಿದೆ, "ಆಯ್ತು, ನಡಿ" ಅಂದೆ. ನಾನು ನಡೆದೆ. ಆ ಸಲ ಈಜು ಟೀಚರು ನಾಲ್ಕೇ ವೋಟಿನಲ್ಲಿ ಸೋತಳು. ಮುಖ್ಯರಸ್ತೆಯ ಸಿಗ್ನಲ್ಲಿಗೆ ಕೂಗುವ ಗಂಟೆ ಹಾಕಿಸುತ್ತೇನೆ ಎಂದವಳು ಅವಳೊಬ್ಬಳೇ. ಗೆದ್ದ ಮಂಚದಂಗಡಿ ಯಜಮಾನರು, ಗಂಟೆ ಕೂಗಿದರೆ ಮಂಚದ ಮೇಲೆ ಮಲಗಿ ಪರೀಕ್ಷಿಸುವ ಗಿರಾಕಿಗಳಿಗೆ ತೊಂದರೆಯಾಗುತ್ತದೆ ಅಂದರು. ಹಾಗಾಗಿ ನಾನು ಈಗಲೂ ಯಾರಾದರೂ ಪುಣ್ಯಾತ್ಮರು ದಾಟಿಸಲಿ ಎಂದು ಕಂಬ ಹಿಡಿದು ನಿಲ್ಲುತ್ತೇನೆ. ಯಜಮಾನರ ಮಂಚಗಳ ಫೋಟೋ ತೆಗೆಯುವವನು ನೀನು. ಇದರ ಬಗ್ಗೆ ನಾನೇನೂ ಹೇಳುತ್ತಿಲ್ಲ. ಉಗುರಿನ ವಿಷಯವಷ್ಟೇ ಹೇಳುತ್ತಿದ್ದೇನೆ.

ಫೋನು ಮಾಡಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಬರೆ. ಔಷಧದಂಗಡಿಯಾಕೆ ಓದಿ ಹೇಳುತ್ತಾಳೆ, ಉತ್ತರವನ್ನು ನಾನೇ ನನ್ನ ಹಳೆಯ ಟೈಪ್‌ರೈಟರಿನಲ್ಲಿ ಕುಟ್ಟುತ್ತೇನೆ.

ನಿನ್ನ ಅಕ್ಕ
(ಉಗುರಿಲ್ಲದವಳು)


ಫೆಬ್ರವರಿ 16

ಅಕ್ಕಾ,

ಉಗುರಿನ ಆತ್ಮಕ್ಕೆ ಶಾಂತಿ ಸಿಗಲಿ.

ನಾನೇನು ನಿನ್ನ ಜೊತೆ ಬರಲು ಹರಕೆ ಹೊತ್ತವನಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಬಸ್ಸು ಹಿಡಿದು, ಸ್ಟುಡಿಯೋ ಬಾಗಿಲು ಹಾಕಿ ಬಂದದ್ದು ನನಗೆ ಕೆಲಸವಿಲ್ಲ ಅಂತಲ್ಲ. ಬೇಡ ಅಂದರೆ ಬೇಡ. ಆದರೆ ಆ ರಟ್ಟು ಜಾರಿದರೆ? ಠಸ್ಸೆ ಎರಡು ಕಿಟಕಿಯ ನಡುವೆ ಬಿದ್ದರೆ? ವೋಟು ಕುಲಗೆಟ್ಟು ಹೋಗುತ್ತದೆ. ಕುಲಗೆಟ್ಟದ್ದು ನಿನಗೆ ತಿಳಿಯುವುದೂ ಇಲ್ಲ. ನೀನು ಗೆದ್ದವಳ ಹಾಗೆ ಮನೆಗೆ ಬಂದು ಟೀ ಕುಡಿಯುತ್ತೀಯ.

ಮಂಚದ ವಿಷಯ ಎತ್ತಿದ್ದೀಯ. ಎತ್ತಿಲ್ಲ ಎಂದು ಹೇಳುತ್ತಲೇ ಎತ್ತಿದ್ದೀಯ. ನಾನು ಮಂಚಕ್ಕೂ ಫೋಟೋ ತೆಗೆಯುತ್ತೇನೆ, ಮದುಮಕ್ಕಳಿಗೂ ತೆಗೆಯುತ್ತೇನೆ. ಹಾಗಂತ ಮದುಮಕ್ಕಳ ಸಂಸಾರಕ್ಕೆಲ್ಲ ನಾನು ಹೊಣೆಯೇ?

ಒಂದು ಮಾತು ಮಾತ್ರ ನೆನಪಿಡು. ಈ ಸಲದಿಂದ ಮತದಾರರ ಚೀಟಿಯೊಂದೇ ಸಾಲದು, ಫೋಟೋ ಇರುವ ಗುರುತು ಬೇಕು ಎಂದು ಹೊಸ ನಿಯಮ ಬಂದಿದೆ. ನಿನ್ನ ಹತ್ತಿರ ಅಂಗವಿಕಲರ ಬಸ್ ಪಾಸಿದೆಯಲ್ಲ, ಅದನ್ನು ತೋರಿಸು. ಫೋಟೋ ನಾನೇ ತೆಗೆದದ್ದು. ಅದರಷ್ಟು ಲಕ್ಷಣವಾದ ಪಾಸಿನ ಫೋಟೋ ನಿಮ್ಮ ವಾರ್ಡಿನಲ್ಲಿ ಇನ್ನೊಂದಿಲ್ಲ.

ಓದುತ್ತಿರುವವರಿಗೆ ನಮಸ್ಕಾರ. "ಕುಲಗೆಟ್ಟು" ಎಂಬಲ್ಲಿ ಸ್ವಲ್ಪ ಮೆಲ್ಲಗೆ ಓದಿ.

ನಿನ್ನ ತಮ್ಮ


ಮಾರ್ಚ್ 3

ತಮ್ಮಾ,

ನಿನ್ನೆ ಪುರಸಭೆಯಲ್ಲಿ ಕಿಟಕಿ ರಟ್ಟಿನ ಅಭ್ಯಾಸ ಇಟ್ಟಿದ್ದರು. ನಾನೂ ಔಷಧದಂಗಡಿಯಾಕೆಯೂ ಹೋಗಿದ್ದೆವು. ನೆಲ ಒರೆಸಿದ ವಾಸನೆ, ಉದ್ದನೆಯ ಬೆಂಚು, ಮೇಜಿನ ಆಚೆ ಒಬ್ಬ ಗುಮಾಸ್ತ. ದನಿ ಕೇಳಿದರೆ ಒಳ್ಳೆಯವನೇ. "ಮೊದ್ಲು ಗುರುತು ತೋರ್ಸಿ ಅಮ್ಮಾ, ಆ ದಿನ ಮಾಡೋ ಹಾಗೇ ಮಾಡೋಣ" ಅಂದ. ಪಾಸು ಕೊಟ್ಟೆ.

ಪಾಸು ಮೇಜಿನ ಮೇಲೆ ಒಮ್ಮೆ ತಿರುಗಿದ ಸದ್ದು ಕೇಳಿಸಿತು.

"ಅಮ್ಮಾ, ಇದು ನಿಮ್ಮ ತಂಗೀದಾ?"

"ನಂದೇ."

"ಇವ್ರಿಗೆ ಕಣ್ಣು ಕಾಣ್ಸುತ್ತಲ್ಲಾ."

ನಾನು ನಕ್ಕೆ. ಅವನು ನಗಲಿಲ್ಲ. ಔಷಧದಂಗಡಿಯಾಕೆಯೂ ನಗಲಿಲ್ಲ. ಅವಳು ಮೊಣಕೈ ಹಿಡಿದು ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕಾ, ಈ ಫೋಟೋದಲ್ಲಿ ನಿಮ್ಮ ಕಣ್ಣು ತೆರ್ದಿದೆ. ಎರಡೂ. ಹೊಳೀತಾ ಇವೆ. ನೇರ ನೋಡ್ತಾ ಇದ್ದೀರಿ."

ಈ ಪಾಸನ್ನು ಐದು ವರ್ಷದಿಂದ ಎದೆಯ ಮೇಲೆ ನೇತು ಹಾಕಿಕೊಂಡು ಓಡಾಡುತ್ತಿದ್ದೇನೆ. ಕಂಡಕ್ಟರುಗಳು ನೋಡುತ್ತಿದ್ದರೋ ಇಲ್ಲವೋ, ಯಾರೂ ಏನೂ ಅಂದಿರಲಿಲ್ಲ. ಕುರುಡಿಯ ಕುತ್ತಿಗೆಯಲ್ಲಿ ಕಣ್ಣಿರುವವಳು ತೂಗಾಡುತ್ತಿದ್ದಳು ಅನ್ನು.

ಗುಮಾಸ್ತ ಪಾಪ ದಾರಿ ಹುಡುಕಿದ. "ನಿಮ್ಮ ತಮ್ಮನ್ನ ಕರ್ಕೊಂಡ್ ಬನ್ನಿ, ಅವ್ರೇ ಒತ್ತಲಿ, ಸಲೀಸು" ಅಂದ. ಆಮೇಲೆ ಅವನೇ "ಅದೂ ಆಗಲ್ಲ" ಅಂದ. ಸಹಾಯಕ ಬಂದರೂ ಗುರುತು ನನ್ನದೇ ಬೇಕು. ಮುಖ ಹೊಂದದಿದ್ದರೆ ಇಬ್ಬರನ್ನೂ ವಾಪಸು ಕಳಿಸುತ್ತಾರೆ. ಉಳಿದದ್ದು ಪುರಸಭೆಯ ಉಚಿತ ಗುರುತಿನ ಕಾರ್ಡು. ಅದಕ್ಕೆ ಮಾರ್ಚ್ 26ರೊಳಗೆ ಹೊಸ ಫೋಟೋ ಕೊಡಬೇಕು.

ಸರಿ, ಬಸ್ ನಿಲ್ದಾಣದಲ್ಲಿ ದುಡ್ಡು ಹಾಕಿದರೆ ತಾನೇ ಫೋಟೋ ತೆಗೆಯುವ ಪೆಟ್ಟಿಗೆಯಿದೆಯಲ್ಲ, ಅದರೊಳಗೆ ಹೋಗಿ ಕೂತೆ. ಯಂತ್ರ ಮಾತಾಡುತ್ತದೆ. "ಕಣ್ಣು ತೆರೆಯಿರಿ" ಅಂತು. ಕೂತಿದ್ದೆ. "ಕಣ್ಣು ತೆರೆಯಿರಿ." "ಆಗಲ್ಲಪ್ಪಾ" ಅಂದೆ. "ಕಣ್ಣು ತೆರೆಯಿರಿ." ಕೊನೆಗೆ ಮುನಿಸಿಕೊಂಡು ದುಡ್ಡು ಉಗುಳಿತು. ಹೊರಗೆ ಸಾಲಿನಲ್ಲಿದ್ದವರು ಯಾರೋ "ಬೇಗ ಬನ್ನಿ ಅಮ್ಮಾ, ನಿದ್ದೆ ಮಾಡೋ ಜಾಗ ಅಲ್ಲ" ಅಂದರು.

ಯಂತ್ರ ಒಪ್ಪದ ಮುಖಗಳಿಗೆ ಬೇರೆ ನಿಯಮವಿದೆ. ಫೋಟೋಗ್ರಾಫರು ಕೈಯಾರೆ ತೆಗೆದು, ಹಿಂದೆ "ಈ ಚಿತ್ರವನ್ನು ತಿದ್ದಿಲ್ಲ" ಎಂದು ಬರೆದು ಸಹಿ ಹಾಕಬೇಕು. ಊರಿನಲ್ಲಿ ಉಳಿದಿರುವ ಸ್ಟುಡಿಯೋ ನಿನ್ನದೊಂದೇ.

ನನಗೆ ನನ್ನ ಮುಖ ಬೇಕು. ಯಾವಾಗ ಬರುತ್ತೀಯ?

ಅಕ್ಕ


ಮಾರ್ಚ್ 10

ಅಕ್ಕಾ,

ಆ ದಿನ ಬೆಳಕು ಸರಿಯಿರಲಿಲ್ಲ. ಎಡಗಡೆಯ ದೀಪ ಕೈಕೊಟ್ಟಿತ್ತು. ಫೋಟೋ ಅಂದಮೇಲೆ ಸ್ವಲ್ಪ ಅಲ್ಲಿ ಇಲ್ಲಿ ಕೈಯಾಡಿಸಬೇಕಾಗುತ್ತದೆ. ಯಾರೋ ಒಬ್ಬರ ಮಚ್ಚೆ, ಇನ್ನೊಬ್ಬರ ಬಕ್ಕತಲೆ, ಮೂರನೆಯವರ ಎರಡನೇ ಗಲ್ಲ. ಇಷ್ಟು ವರ್ಷದಲ್ಲಿ ತಿದ್ದದ ಫೋಟೋ ಒಂದೂ ನನ್ನ ಅಂಗಡಿಯ ಹೊಸ್ತಿಲು ದಾಟಿಲ್ಲ. ನಮ್ಮ ವಾರ್ಡಿನಲ್ಲಿ ಸತ್ತವರೆಲ್ಲ ಗೋಡೆಯ ಮೇಲೆ ಬದುಕಿದ್ದಾಗಿನದಕ್ಕಿಂತ ಚೆನ್ನಾಗಿರುವುದು ಯಾರ ಕೃಪೆ?

"ತಿದ್ದಿಲ್ಲ" ಎಂದು ಸಹಿ ಹಾಕುವುದು ನನ್ನ ಕೈಯಲ್ಲಾಗದು. ಅಡುಗೆಭಟ್ಟನಿಂದ "ಉಪ್ಪು ಹಾಕಿಲ್ಲ" ಅಂತ ಬರೆಸಿಕೊಂಡ ಹಾಗೆ. ಸ್ಟುಡಿಯೋದಲ್ಲಿ ಕೆಲಸವೂ ಬಹಳ ಇದೆ. ಒಂದು ಸಲ ವೋಟು ಹಾಕದಿದ್ದರೆ ಆಕಾಶವೇನೂ ತಲೆಯ ಮೇಲೆ ಬೀಳುವುದಿಲ್ಲ. ಮುಂದಿನ ಸಲ ನೋಡೋಣ.

ತಮ್ಮ


ಮಾರ್ಚ್ 17

ಅಕ್ಕಾ,

ನಿನ್ನ ಪತ್ರ ತಲುಪಿತು. ಎರಡು ಹಾಳೆ, ಎರಡೂ ಖಾಲಿ, ಕೆಳಗೆ ಪೆನ್ನಿನಲ್ಲಿ ನಿನ್ನ ಓರೆ ಸಹಿ ಮಾತ್ರ.

ಶಭಾಷ್. ನೋಟರಿಯವರ ಕಚೇರಿಯಲ್ಲಿ ನೀನು ಕಲಿತದ್ದು ದಂಡವಾಗಲಿಲ್ಲ. ಇಷ್ಟು ಕಟುವಾದ ಪತ್ರವನ್ನು ನನ್ನ ಜನ್ಮದಲ್ಲಿ ಓದಿರಲಿಲ್ಲ. ಮೊದಲ ಹಾಳೆಯನ್ನು ಹೇಗೋ ನುಂಗಿಕೊಂಡೆ. ಎರಡನೆಯದು ಅತಿಯಾಯಿತು. ಒಡಹುಟ್ಟಿದವನಿಗೆ ಯಾರಾದರೂ ಅಂಥ ಮಾತು ಬರೆಯುತ್ತಾರೆಯೇ?

ನೀನು ನನ್ನನ್ನು ಸುಳ್ಳುಗಾರ ಅನ್ನುತ್ತಿದ್ದೀಯ, ನನಗೆ ಗೊತ್ತು. ನೀನು ಆಸ್ಪತ್ರೆಯಿಂದ ಬಂದ ವಾರ ಆ ಪಾಸಿನ ಫೋಟೋ ತೆಗೆದದ್ದು. ಸ್ಟೂಲಿನ ಮೇಲೆ ನೀನು ಕೂತಿದ್ದೆ, "ಎಲ್ಲಿ ನೋಡ್ಲಿ ಹೇಳೋ" ಅಂದೆ. ನಾನು "ಇಲ್ಲೇ, ನನ್ನ ಕಡೆ" ಅಂದೆ. ಆಮೇಲೆ ಹಳೆಯ ಫೋಟೋ ಒಂದರಿಂದ ಕಣ್ಣು ತಂದು ಕೂರಿಸಿದೆ. ಮೂರು ದಿನ ಹಿಡಿಯಿತು. ಯಾರಿಗೂ ಅಷ್ಟು ಮನಸ್ಸಿಟ್ಟು ಮಾಡಿಲ್ಲ. ಅದೂ ತಪ್ಪೇ?

ಆದರೆ ನಿನ್ನ ಖಾಲಿ ಹಾಳೆ ಬರೀ ಫೋಟೋ ವಿಷಯವಲ್ಲ. ಕಳೆದ ಸಲ ಬೂತಿನ ಪರದೆಯ ಹಿಂದೆ ನಾನು ಯಾವ ಗುರುತಿಗೆ ಒತ್ತಿದೆ ಎಂದು ಕೇಳುತ್ತಿದ್ದೀಯ. ಬಾಯಿಬಿಟ್ಟು ಕೇಳು, ಧೈರ್ಯವಿದ್ದರೆ. ಯಜಮಾನರು ಹಿಂದಿನ ದಿನ ಅಂಗಡಿಗೆ ಬಂದಿದ್ದು ನಿಜ. ಕೈ ಕುಲುಕಿದ್ದೂ ನಿಜ. ಅಷ್ಟಕ್ಕೇ ನಾನು

ಇಲ್ಲಿಗೆ ನಿಲ್ಲಿಸುತ್ತೇನೆ. ಟಪಾಲಿನ ಹೊತ್ತಾಯಿತು.

ತಮ್ಮ


ಮಾರ್ಚ್ 18

ಅಕ್ಕಾ,

ನಿನ್ನೆ ನಾನು ಹಾಕಿದ ಪತ್ರ ಬಂದರೆ ಓದಿಸಬೇಡ. ಓದುವವರೇ, ಆ ಲಕೋಟೆಯನ್ನು ದಯಮಾಡಿ ಒಲೆಗೆ ಹಾಕಿ. ಮಾತ್ರೆ ಚೀಟಿ ಅಂತ ಹೇಳಿ, ಏನಾದರೂ ಹೇಳಿ.

ಆದದ್ದಿಷ್ಟು. ನಿನ್ನ ಖಾಲಿ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟಿದ್ದೆ. ಬೆಳಿಗ್ಗೆ ಒಂದು ಪಿಂಗಾಣಿ ಬಟ್ಟಲಿನ ಫೋಟೋ ತೆಗೆಯಲು ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಟ್ಟೆ. ಗೋಡೆಯ ಉಬ್ಬುತಗ್ಗು, ಬಟ್ಟೆಯ ನೇಯ್ಗೆ ಕಾಣಬೇಕಾದರೆ ನಾವು ಹಾಗೆ ಮಾಡುತ್ತೇವೆ. ನಿನ್ನ ಹಾಳೆಯಲ್ಲಿ ಸಾಲು ಸಾಲು ಅಕ್ಷರ ಎದ್ದು ನಿಂತವು. ಮಸಿಯಿಲ್ಲ, ಕುಟ್ಟಿದ ಗುರುತು ಮಾತ್ರ. ರಿಬ್ಬನ್ ಒಣಗಿದೆ, ಪಾಪ ನಿನಗೆ ಗೊತ್ತೇ ಇರಲಿಲ್ಲ.

ಅದರಲ್ಲಿ ಬೂತಿನ ಮಾತೇ ಇಲ್ಲವಲ್ಲೇ ಅಕ್ಕಾ! ಮೊದಲ ಹಾಳೆ ಪೂರ್ತಿ ಆ ಮಾತಾಡುವ ಯಂತ್ರವನ್ನು ಬೈದಿದ್ದೀಯ. ಎರಡನೆಯದರಲ್ಲಿ ಶನಿವಾರ ಬಾ, ನೀಲಿ ರವಿಕೆ ಹಾಕಿಕೊಳ್ಳಲೋ ಬಿಳಿಯದೋ ಎಂದು ಕೇಳಿದ್ದೀಯ. ಕೊನೆಯ ಎರಡು ಸಾಲು ಓದಲು ದೀಪವನ್ನು ಇನ್ನೂ ಇಳಿಸಬೇಕಾಯಿತು: "ನೀನು ಕಣ್ಣು ಯಾಕೆ ಬರೆದೆ ಅಂತ ನನಗೆ ಗೊತ್ತು. ಆ ಕಣ್ಣು ನಿನಗೆ ಬೇಕಿತ್ತು. ನನಗೆ ಇಲ್ಲದೆ ಅಭ್ಯಾಸವಾಗಿದೆ."

ಶನಿವಾರ ಬರುತ್ತೇನೆ. ಬಿಳಿ ಬೇಡ, ಗೋಡೆಯಲ್ಲಿ ಕರಗಿ ಹೋಗುತ್ತೀಯ. ನೀಲಿ.

ತಮ್ಮ


ಮಾರ್ಚ್ 25

ತಮ್ಮಾ,

ಮೊದಲು ನನ್ನ ಯಂತ್ರದ ಮಾನ ಉಳಿಸುತ್ತೇನೆ. ರಿಬ್ಬನ್ ಒಣಗಿರಲಿಲ್ಲ. ಬಲಪಕ್ಕೆಯಲ್ಲಿ ಬೆರಳಿನಿಂದ ಸರಿಸುವ ಪುಟ್ಟ ಸನ್ನೆಕಡ್ಡಿಯೊಂದಿದೆ, ಅದಕ್ಕೆ ಮೂರು ಚುಕ್ಕೆ: ಕಪ್ಪು, ಕೆಂಪು, ಬಿಳಿ. ಬಿಳಿಗೆ ಸರಿಸಿದರೆ ರಿಬ್ಬನ್ ಮೇಲೇಳುವುದಿಲ್ಲ, ಅಕ್ಷರ ಬರೀ ಕುಟ್ಟುತ್ತದೆ. ಹಿಂದೆ ಪ್ರತಿಗಳನ್ನು ಅಚ್ಚೊತ್ತುವ ಸ್ಟೆನ್ಸಿಲ್ ಹಾಳೆ ಕೊರೆಯಲು ಬೇಕಾಗುತ್ತಿತ್ತು. ಔಷಧದಂಗಡಿಯಾಕೆ ಧೂಳು ಒರೆಸುವಾಗ ಸನ್ನೆ ಬಿಳಿಗೆ ಹೋಗಿ ಕೂತಿತ್ತು. ಈಗ ಕಪ್ಪಿನಲ್ಲಿದೆ, ಬೆರಳಿಟ್ಟು ನೋಡಿದ್ದೇನೆ.

ನಿನ್ನ ಎರಡು ಪತ್ರಗಳೂ ಒಂದೇ ದಿನ, ನೀನು ಬಂದು ಹೋದಮೇಲೆ ಸೋಮವಾರ ಬಂದವು. ಔಷಧದಂಗಡಿಯಾಕೆ ಶಿಸ್ತಿನ ಹೆಂಗಸು, ಲಕೋಟೆಯ ಮೇಲಿನ ತಾರೀಖು ನೋಡಿ ಹಳೆಯದನ್ನೇ ಮೊದಲು ಓದಿದಳು. "ಅಷ್ಟಕ್ಕೇ ನಾನು" ಎಂಬಲ್ಲಿಗೆ ಬಂದು ನಿಂತಳು. "ಆಮೇಲೆ?" ಅಂದೆ. "ಆಮೇಲೆ ಟಪಾಲಿನ ಹೊತ್ತಾಯ್ತಂತೆ" ಅಂದಳು.

ನಾನು ಕೇಳಿರಲಿಲ್ಲ. ಈಗಲೂ ಕೇಳುವುದಿಲ್ಲ. ಕೇಳಿದರೆ ನೀನು ಹೇಳಬೇಕಾಗುತ್ತದೆ, ಹೇಳಿದರೆ ನಾನು ನಂಬಬೇಕಾಗುತ್ತದೆ. ಈ ವಯಸ್ಸಿನಲ್ಲಿ ಇಬ್ಬರಿಗೂ ಅಷ್ಟು ವ್ಯಾಯಾಮ ಒಳ್ಳೆಯದಲ್ಲ.

ಶನಿವಾರ ನೀನು ಒಂದೇ ಸಲ ಕ್ಲಿಕ್ ಮಾಡಿದೆ. ಯಾವಾಗಲೂ ಹತ್ತು ಹನ್ನೆರಡು ಮಾಡುವವನು. ಗಲ್ಲ ಎತ್ತಲು ಕೈ ತಂದವನು ಮುಟ್ಟದೆ ವಾಪಸು ತೆಗೆದುಕೊಂಡೆ. ಗಾಳಿ ತಿಳಿಯಿತು. ಸಂಜೆ ಅಚ್ಚು ಹಾಕಿ ತಂದು ಫೋಟೋದ ಹಿಂದೆ ಬರೆಯುವಾಗ "ಈ ಚಿತ್ರವನ್ನು" ಎಂಬಷ್ಟು ದೂರ ಪೆನ್ನು ಓಡಿತು, ಆಮೇಲೆ ನಿಂತಿತು. ನಾನು ಬೀದಿಯಲ್ಲಿ ಹೋಗುವ ಸೈಕಲ್ಲುಗಳನ್ನು ಕೇಳುತ್ತಾ ಕೂತೆ. ಕೊನೆಗೂ ಪೆನ್ನು ಓಡಿತಲ್ಲ, ಅಷ್ಟು ಸಾಕು.

ಇವತ್ತು ಅರ್ಜಿ ಕೊಟ್ಟು ಬಂದೆ. ಕಾರ್ಡು ಅಂಚೆಯಲ್ಲಿ ಬರುತ್ತದಂತೆ. ಯಾವತ್ತು ಎಂದು ಕೇಳಿದರೆ "ಬರುತ್ತೆ ಬರುತ್ತೆ" ಅಂದರು. ಎರಡು ಸಲ ಹೇಳಿದ್ದು ಕೇಳಿ ಭಯವಾಯಿತು.

ಅಕ್ಕ


ಏಪ್ರಿಲ್ 19

ಅಕ್ಕಾ,

ಕಾರ್ಡು ಬಂತೇ? ಐದೇ ದಿನ ಉಳಿದಿದೆ. ನಾನು ಪುರಸಭೆಗೆ ಎರಡು ಸಲ ಹೋಗಿ ಬಂದೆ. ಅಲ್ಲಿ ಅಂಚೆಯವರನ್ನು ಕೇಳಿ ಅಂದರು, ಅಂಚೆಯವರು ಪುರಸಭೆಯನ್ನು ಕೇಳಿ ಅಂದರು. ನಾನು ನಡುವೆ ಗೋಡೆಗೆ ಬಡಿದ ಚೆಂಡಾದೆ.

ಇನ್ನೊಂದು ವಿಷಯ. ನಿನ್ನೆ ಮಂಚದಂಗಡಿ ಯಜಮಾನರು ಬಂದಿದ್ದರು. ಹೊಸ ಸೋಫಾದ ಫೋಟೋ ನೋಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮಕ್ಕ ಈ ಸಲ ಒಬ್ರೇ ವೋಟ್ ಹಾಕ್ತಾರಂತೆ? ಪಾಪ, ಕಷ್ಟ ಯಾಕೆ, ನೀವಿದ್ದೀರಲ್ಲ" ಅಂದರು.

"ಅವ್ರಿಗೆ ಕಷ್ಟ ಇಲ್ಲ ಯಜಮಾನ್ರೇ" ಅಂದೆ.

"ಕಾರ್ಡೇ ಬಂದಿಲ್ವಂತೆ?"

ನಿನ್ನ ಕಾರ್ಡು ಬಂದಿಲ್ಲವೆಂದು ನನಗೇ ಖಚಿತವಿಲ್ಲ, ಅವರಿಗೆ ಹೇಗೆ ಗೊತ್ತು? ಕೇಳಿದೆ. ನಕ್ಕರು. "ಸದಸ್ಯ ಅಲ್ವೇನ್ರೀ ನಾನು, ಎಲ್ಲಾ ಗೊತ್ತಿರುತ್ತೆ" ಅಂದರು. ಸೋಫಾದ ಫೋಟೋದಲ್ಲಿ ಹೊಲಿಗೆ ಬಿಟ್ಟದ್ದು ಕಾಣುತ್ತಿದೆ, ತಿದ್ದಿಕೊಡಿ ಅಂದರು. ಆಗುವುದಿಲ್ಲ, ಇದ್ದದ್ದು ಇದ್ದ ಹಾಗೆ, ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವರು ಫೋಟೋ ಬಿಟ್ಟೇ ಹೋದರು.

ಕಾರ್ಡು ಬಾರದಿದ್ದರೆ ಚುನಾವಣಾ ಅಧಿಕಾರಿಯ ಹತ್ತಿರ ಹೋಗೋಣ. ನಾನೇ ಕರೆದುಕೊಂಡು ಹೋಗುತ್ತೇನೆ. ಹೊರಗೇ ನಿಲ್ಲುತ್ತೇನೆ.

ನಿನ್ನ ತಮ್ಮ


ಏಪ್ರಿಲ್ 23

ತಮ್ಮಾ,

ಕಾರ್ಡು ಬಂತು. ಈ ಮಧ್ಯಾಹ್ನ. ಮೂರನೇ ಮಹಡಿಯವರ ಟಪಾಲು ಪೆಟ್ಟಿಗೆಯಲ್ಲಿ ಹದಿನೈದು ದಿನದಿಂದ ಸುಖವಾಗಿ ಮಲಗಿತ್ತಂತೆ. ಅವರು ಊರಲ್ಲಿರಲಿಲ್ಲ. ಮಂಚದಂಗಡಿ ಯಜಮಾನರು ಪಾಪ, ಈ ಪಾಪವೊಂದನ್ನು ಮಾಡಿರಲಿಲ್ಲ.

ಔಷಧದಂಗಡಿಯಾಕೆಗೆ ಕೊಟ್ಟು "ಹೇಗಿದೆ ಹೇಳು" ಅಂದೆ. ಸುಮಾರು ಹೊತ್ತು ನೋಡಿ, "ನೀವೇ ಅಕ್ಕಾ" ಅಂದಳು.

ಈ ಚೀಟಿಯನ್ನು ಅವಳ ಅಂಗಡಿಯ ಹುಡುಗಿ ನಿಮ್ಮ ಕಡೆ ಬರುವಾಗ ಕೊಡುತ್ತಾಳೆ. ನಾಳೆ ಹತ್ತು ಗಂಟೆಗೆ ನಮ್ಮ ಗೇಟಿನ ಹತ್ತಿರ ಬಾ. ರಸ್ತೆ ದಾಟಿಸಲು ಬೇಕು. ಮೆಟ್ಟಿಲ ತನಕ ಮಾತ್ರ.

ಅಕ್ಕ


ಏಪ್ರಿಲ್ 28

ಔಷಧದಂಗಡಿಯವರಿಗೆ ನಮಸ್ಕಾರ.

ಇದು ನಿಮಗೆ. ಜೋರಾಗಿ ಓದಬೇಡಿ.

ವೋಟಿನ ದಿನ ನಿಮಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ, ಅದಕ್ಕೇ ಹೇಳುತ್ತೇನೆ. ಬಾಗಿಲಲ್ಲಿ ಅದೇ ಗುಮಾಸ್ತನಿದ್ದ. ಕಾರ್ಡು ನೋಡಿದ, ಅಕ್ಕನ ಮುಖ ನೋಡಿದ, ಮತ್ತೆ ಕಾರ್ಡು ನೋಡಿದ. ಐದು ವರ್ಷದ ಹಿಂದೆ ನಾನು ಮಾಡಿದ್ದ ಚೆಂದಕ್ಕೆ ಅವಳ ವೋಟು ಸೂಜಿಮೊನೆಯ ಮೇಲೆ ನಿಂತಿತ್ತು. "ಈಗ ಸರಿ ಅಮ್ಮಾ, ನೀವೇ" ಅಂದ. ರಟ್ಟು ಕೊಟ್ಟ. ಅವಳು ಪರದೆಯ ಹಿಂದೆ ಹೋದಳು.

ನಾನು ಮೆಟ್ಟಿಲ ಕೆಳಗೆ. ಪರದೆಯ ಕೆಳಗೆ ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು. ಎಷ್ಟು ಹೊತ್ತು! ಅವಳಾದಮೇಲೆ ಬಂದವರು ಪಕ್ಕದ ಪರದೆಯಲ್ಲಿ ಹಾಕಿ ಹೋದರು, ಅವರಾದಮೇಲೆ ಇನ್ನೊಬ್ಬರು. ರಟ್ಟು ಬಿದ್ದ ಸದ್ದಾಯಿತು. ಗುಮಾಸ್ತ "ಸಹಾಯ ಬೇಕಾ ಅಮ್ಮಾ?" ಅಂದ. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ. "ಯಾರೂ ಬರಬೇಡಿ" ಎಂದಿತು ಒಳಗಿನ ದನಿ. ಕಾಲು ತೆಗೆದೆ. ಚಪ್ಪಲಿಗಳು ಹಿಂದೆ ಸರಿದವು, ಕೈಯೊಂದು ಕೆಳಗಿಳಿದು ರಟ್ಟು ಎತ್ತಿಕೊಂಡಿತು, ಚಪ್ಪಲಿಗಳು ಮತ್ತೆ ಮುಂದೆ ಬಂದು ನಿಂತವು.

ಹೊರಗೆ ಬಂದಾಗ ಹೆಬ್ಬೆರಳಿನ ತುದಿಯಲ್ಲಿ ಠಸ್ಸೆಯ ಮಸಿ ಇತ್ತು. ಬಾಯಿ ತಡೆಯಲಿಲ್ಲ, ಕೇಳಿಯೇಬಿಟ್ಟೆ: "ಯಾರಿಗೆ ಹಾಕಿದೆ?"

ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದುಕೊಂಡು ಅಂದಳು: "ಆಯ್ತು, ನಡಿ."

ನಾನು ನಡೆದೆ.

ನಿನ್ನೆ ಅವಳ ಪತ್ರ ಬಂತು. ಒಂದು ಹಾಳೆ, ಖಾಲಿ, ಕೆಳಗೆ ಓರೆ ಸಹಿ. ನೀವು ಮತ್ತೆ ಧೂಳು ಒರೆಸಿದಿರೋ, ಅವಳೇ ಬೆರಳಿಟ್ಟು ಸನ್ನೆಯನ್ನು ಬಿಳಿಗೆ ಸರಿಸಿದಳೋ, ನನಗೆ ಗೊತ್ತಿಲ್ಲ. ಹೇಳಬೇಡಿ. ಹಾಳೆ ಈಗ ನನ್ನ ಮೇಜಿನ ಮೇಲಿದೆ, ದೀಪ ಅದರ ಪಕ್ಕದಲ್ಲೇ ಇದೆ. ಕೈಚಾಚಿದರೆ ಸ್ವಿಚ್ಚು. ಎಣಿಕೆ ನಾಳೆ. ಬೆಳಿಗ್ಗೆಯಿಂದ ಯಜಮಾನರ ಮಂಚ, ಸೋಫಾ ಯಾವುದೂ ಫೋಟೋಗೆ ಬಾರದ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೇನೆ. ಸಂಜೆಯಾಯಿತು, ದೀಪ ಹಾಕಿಲ್ಲ. ಕಿಟಕಿಯ ಬೆಳಕಿನಲ್ಲೇ ಇದನ್ನು ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾಗಿದ್ದರೆ ಕ್ಷಮಿಸಿ.

ನಿಮ್ಮಿಂದ ಒಂದೇ ಒಂದು ಉಪಕಾರ ಆಗಬೇಕು. ಮೇಲಕ್ಕೆ ಹೋದಾಗ ಯಂತ್ರದ ಬಲಪಕ್ಕೆ ನೋಡಿ. ಸನ್ನೆ ಬಿಳಿಯಲ್ಲಿದ್ದರೆ, ಮುಂದಿನ ಪತ್ರವನ್ನಾದರೂ ದೀಪ ಇಳಿಸದೆ ಓದಲಿಕ್ಕೆ, ಅವಳಿಗೆ ಸದ್ದಾಗದ ಹಾಗೆ ಕಪ್ಪಿಗೆ ತಂದಿಡಿ.

ಇಂತಿ,
ಟೈಪಕ್ಕನ ತಮ್ಮ